ಗೋಡೆ ಒಡೆಯುವ ಮಿಸ್ತ್ರಿ

ಮಿಸ್ತ್ರಿ ತೀರಿಕೊಂಡ ಸುದ್ದಿಯನ್ನು ನಮ್ಮೂರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಒಂದೇ ಸಾಲಿನಲ್ಲಿ ಬರೆದಿದ್ದರು. ಕೆಳಗೆ ಕೈಮುಗಿದ ಚಿಹ್ನೆಗಳು ಬಂದವು. ಆಮೇಲೆ ಒಬ್ಬರು, ‘ಇನ್ನ ಊರಾನ ಗ್ವಾಡಿ ಗಟ್ಟಿ ಉಳೀತಾವ ಬಿಡ್ರಿ’ ಎಂದು ಹಾಕಿದರು. ಇನ್ನೊಬ್ಬರು, ‘ನಮ್ಮ ಕಪಾಳಾನೂ’ ಎಂದರು. ಸಾವಿನ ಸುದ್ದಿಯ ಕೆಳಗೆ ನಗುವ ಮುಖಗಳನ್ನು ನಾನು ಅದೇ ಮೊದಲು ನೋಡಿದ್ದು. ಯಾರೂ ಅಳಿಸಲಿಲ್ಲ. ಅಳಿಸಬೇಕೆಂದು ನನಗೂ ಅನ್ನಿಸಲಿಲ್ಲ. ಆ ಗುಂಪಿನಲ್ಲಿರುವ ಬಹಳ ಮಂದಿ ಅವರಿಂದ ಹೊಡೆತ ತಿಂದವರು. ಕೆಲವರು ಅವರಿಗೆ ಹೊಡೆದವರು.

ನವಲಗುಂದದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಗ್ಯಾಸ್ ಒಲೆ ರಿಪೇರಿ ಮಾಡುವುದು, ಗ್ಯಾಸಿನಿಂದ ನೀರು ಕಾಯಿಸುವ ಗೀಜರ್ ಕೂಡಿಸುವುದು ಅವರ ಉದ್ಯೋಗ. ಶಲವಡಿಯ ನಮ್ಮ ಓಣಿಯಲ್ಲಿ ಕಟ್ಟಿಗೆಯ ಹಂಡೆ ಹೋಗಿ ಗೀಜರ್ ಬಂದದ್ದು ಅವರ ಕೈಯಿಂದಲೇ. ಗಿಡ್ಡ ಆಳು. ಕುತ್ತಿಗೆಯೇ ಇಲ್ಲದಂತೆ ಹೆಗಲ ಮೇಲೆ ಕೂತ ತಲೆ. ಎಡಚರು, ಹಾಗಾಗಿ ಏಟು ಯಾವ ಕಡೆಯಿಂದ ಬರುತ್ತದೆಂದು ಎದುರಿಗಿದ್ದವರಿಗೆ ಮುಂಚೆ ತಿಳಿಯುತ್ತಿರಲಿಲ್ಲ. ಅವರಿಗೊಂದು ಹೆಸರು ಇದ್ದೇ ಇತ್ತು, ಆದರೆ ಅದನ್ನು ಕರೆದವರನ್ನು ನಾನು ಕಂಡಿಲ್ಲ.

ಅವರನ್ನು ನಾನು ಮೊದಲು ನೋಡಿದ್ದು ನಮ್ಮ ಬಚ್ಚಲಿನಲ್ಲಿ. ಹೊಗೆಯಿಂದ ಅವ್ವನ ಕಣ್ಣು ಕೆಡುತ್ತಿವೆಯೆಂದು ಅಪ್ಪ ಗೀಜರ್ ಹಾಕಿಸಲು ಕರೆಸಿದ್ದರು. ನಮ್ಮ ಕಡೆಯ ಹಳೆಯ ಮನೆಗಳ ಬಚ್ಚಲುಗಳಂತೆ ನಮ್ಮದೂ ದಪ್ಪ ಗೋಡೆಯ, ಕಿಟಕಿಯಿಲ್ಲದ, ಇಬ್ಬರು ಹೊಕ್ಕರೆ ತುಂಬಿಹೋಗುವ ಮೂಲೆ. ಮಿಸ್ತ್ರಿ ಒಳಗೆ ನಿಂತು ಸುತ್ತಲೂ ನೋಡಿದರು.

“ಗಾಳಿ ಎಲ್ಲಿಂದ ಬರತೈತಿ ಇಲ್ಲಿ?”

“ಬಾಗಲಾ ಐತೆಲ್ರಿ,” ಎಂದರು ಅಪ್ಪ.

“ಬಾಗಲಾ ತಗದಿಟ್ಟು ಜಳಕಾ ಮಾಡ್ತಾರೇನು ನಿಮ್ಮ ಮನಿ ಹೆಣ್ಣಮಕ್ಕಳು?”

ಅಪ್ಪನ ಮುಖ ಕಪ್ಪಿಟ್ಟಿತು. ಮಿಸ್ತ್ರಿ ಹಿತ್ತಲಿಗೆ ಹೋಗಿ ಬಂದರು. ಗೀಜರನ್ನು ಹೊರಗೋಡೆಗೇ ಹಾಕುವುದು ಸರಿಯಾದ ಪದ್ಧತಿಯಂತೆ. ಆದರೆ ಹಿತ್ತಲಿನಲ್ಲಿ ಗೋಡೆಗೆ ಒತ್ತಿ ಜೋಳದ ಕಣಿಕೆಯ ಬಣವೆ ಇತ್ತು. “ಇಲ್ಲಿ ಹಾಕಿದ್ರ ಓಣಿ ಸುಡತೈತಿ. ಬಣವಿ ತಗೀರಿ,” ಎಂದರು. ದನದ ಮೇವನ್ನು ಎಲ್ಲಿಡುವುದೆಂದು ಅಪ್ಪ ಒಪ್ಪಲಿಲ್ಲ. ಒಂದಿಷ್ಟು ಹೊತ್ತು ಕೂಗಾಟವಾಯಿತು. ಕೊನೆಗೆ ಮಿಸ್ತ್ರಿ, “ಆತು, ಸಿಲಿಂಡರ್ ಹೊರಗ, ಗೀಜರ್ ಒಳಗ,” ಎಂದು ಹೇಳಿ, ಕೇಳದೆಯೇ ಬಚ್ಚಲಿನ ಗೋಡೆಗೆ ಉಳಿ ಇಟ್ಟು ಸುತ್ತಿಗೆಯಿಂದ ಬಡಿಯತೊಡಗಿದರು. ಅಪ್ಪ ಓಡಿಹೋಗಿ ಕೈ ಹಿಡಿದರು. ಮಿಸ್ತ್ರಿ ಕೈ ಕೊಡವಿದ ರಭಸಕ್ಕೆ ಅಪ್ಪ ಕೊಡಗಳ ಮೇಲೆ ಬಿದ್ದರು.

“ಗ್ವಾಡಿ ನಂದೈತಿ!” ಅಪ್ಪ ಬಿದ್ದಲ್ಲಿಂದಲೇ ಕಿರಿಚಿದರು.

“ಗ್ವಾಡಿ ನಿಂದು. ಹೆಣಾ ಯಾರದು?”

ಓಣಿಯ ಕಡೆಗೆ ಕೆಳಗೊಂದು, ಮೇಲೊಂದು ಕಿಂಡಿ ತೆರೆದರು. ಕೆಳಗಿನದರಿಂದ ಹೊಸ ಗಾಳಿ ಬರಬೇಕು, ಮೇಲಿನದರಿಂದ ಕೆಟ್ಟದ್ದು ಹೋಗಬೇಕು. ಸುಣ್ಣದ ಧೂಳಿನಲ್ಲಿ ನಿಂತು ಅವ್ವನಿಗೆ ಪಾಠ ಹೇಳಿದರು: “ಈ ಕಿಂಡಿ ಎಂದೂ ಮುಚ್ಚಬ್ಯಾಡ. ಬಕೀಟು ತುಂಬಿಸ್ಕೋ. ಗೀಜರ್ ಬಂದ್ ಮಾಡು. ಆಮ್ಯಾಲೆ ಬಾಗಲಾ ಹಾಕ್ಕೋ. ಗೀಜರ್ ಉರಿಯೂ ಮುಂದ ಒಳಗ ಕುಂದ್ರೂದಿಲ್ಲ. ಹೇಳು ನೋಡೂಣು.” ಶಾಲೆಯ ಹುಡುಗಿಯಂತೆ ಒಪ್ಪಿಸಬೇಕಾಗಿ ಬಂದದ್ದಕ್ಕೆ ಅವ್ವನಿಗೆ ನಗು ಬಂತು. ಮಿಸ್ತ್ರಿ ಅವಳ ಕಿವಿಯ ಪಕ್ಕದ ಗೋಡೆಗೆ ಅಂಗೈಯಿಂದ ಬಡಿದರು. ಗಾರೆ ಉದುರಿತು. ಅವ್ವ ನಗು ನಿಲ್ಲಿಸಿ ಒಪ್ಪಿಸಿದಳು.

“ಸಿಲಿಂಡರಿನ ಗ್ಯಾಸ್ ನಾರತೈತಿ,” ಎಂದರು ಹೋಗುವ ಮುಂಚೆ. “ಅದು ಛಲೋ. ಹೇಳಿ ಬರತೈತಿ. ಗಾಳಿ ಸಾಲದ ಉರದಾಗ ಹುಟ್ಟೂದೈತೆಲ್ಲಾ, ಅದಕ್ಕ ವಾಸನಿ ಇಲ್ಲ, ಬಣ್ಣಿಲ್ಲ. ನಿದ್ದಿ ಬಂದಂಗಾಗತೈತಿ. ಅಷ್ಟಽ.”

ಅವರ ಕುರಿತ ಕಥೆಗಳು ನಮ್ಮ ತಾಲೂಕಿನಲ್ಲಿ ಅನೇಕ. ಅಣ್ಣಿಗೇರಿ ಕಡೆಯ ಒಂದು ಮನೆಯಲ್ಲಿ ಯಜಮಾನ ಗ್ಯಾಸ್ ಸೋರುತ್ತಿದೆಯೋ ಇಲ್ಲವೋ ನೋಡಲು ರೆಗ್ಯುಲೇಟರಿನ ಬಳಿ ಕಡ್ಡಿ ಗೀರುತ್ತಿದ್ದ. ಆ ಹೊತ್ತಿಗೆ ಮಿಸ್ತ್ರಿ ಒಳಗೆ ಬಂದರು. ಕಡ್ಡಿಪೆಟ್ಟಿಗೆ ಕಸಿದು ಅವನನ್ನು ಅಂಗಳಕ್ಕೆ ಎಳೆದೊಯ್ದು, ಗೋಡೆಗೆ ಒತ್ತಿ ಹಿಡಿದು, ಕಡ್ಡಿ ಗೀರಿ ಅವನ ಮೀಸೆಗೆ ಹಿಡಿದರು. ಮೀಸೆಯ ಒಂದು ತುದಿ ಚರಚರ ಸುಟ್ಟಿತು. “ಬೆಂಕಿ ಹೆಂಗಿರತೈತಿ ಗೊತ್ತಾತಿಲ್ಲೋ? ಇನ್ನ ಸಾಬೂನಿನ ನೊರಿ ಹಚ್ಚಿ ನೋಡು. ಗುಳ್ಳಿ ಎದ್ದರ ಸೋರಾಕತ್ತೈತಿ ಅಂತ ತಿಳಕೋ.” ಆ ಮನುಷ್ಯ ಆಮೇಲೆ ಬಹಳ ದಿನ ಮೀಸೆಯಿಲ್ಲದೆ ತಿರುಗಿದ. ಅವನೇ ಇದನ್ನು ಹೇಳಿಕೊಂಡು ನಗುತ್ತಿದ್ದುದನ್ನು ನಾನು ಬಸ್ಸಿನಲ್ಲಿ ಕೇಳಿದ್ದೇನೆ.

ಇನ್ನೊಮ್ಮೆ ಒಂದು ಸೀಮಂತದ ಅಡುಗೆ ನಡೆದಿತ್ತು. ಒಲೆಯ ರಬ್ಬರ್ ಪೈಪು ಬಿರುಕು ಬಿಟ್ಟದ್ದನ್ನು ದಾರಿಯಲ್ಲಿ ಹೋಗುತ್ತಿದ್ದ ಮಿಸ್ತ್ರಿ ಕಂಡರು. ಸಿಲಿಂಡರ್ ಬಂದ್ ಮಾಡಿ, ಮಾತಿಲ್ಲದೆ, ಚಾಕುವಿನಿಂದ ಪೈಪನ್ನು ಎರಡು ತುಂಡು ಮಾಡಿದರು. ಒಲೆಯ ಮೇಲೆ ಹುಗ್ಗಿ ಅರ್ಧ ಬೆಂದಿತ್ತು. ಅಡುಗೆಯವರು ಸೌಟಿನಿಂದ ಅವರ ಹಣೆ ಒಡೆದರು. ಮಿಸ್ತ್ರಿ ಹೋಗಿ ಹೊಸ ಪೈಪು ತಂದು, ರಕ್ತ ಒರೆಸಿಕೊಳ್ಳುತ್ತ ಕೂಡಿಸಿ, ನೊರೆ ಹಚ್ಚಿ ನೋಡಿ, ಒಲೆ ಹೊತ್ತಿಸಿ ಕೊಟ್ಟರು. ಆಮೇಲೆ ಸೌಟು ಬೀಸಿದವನ ಕಪಾಳಕ್ಕೊಂದು ಕೊಟ್ಟು ಊಟಕ್ಕೆ ಕುಳಿತರು.

“ಹೇಳಿದ್ದು ನೆನಪಿರೂದಿಲ್ಲ, ಹೊಡದದ್ದು ಇರತೈತಿ,” ಎನ್ನುವುದು ಅವರ ಮಾತು. ಅದನ್ನು ಅವರು ಸಂತೋಷದಿಂದ ಹೇಳುತ್ತಿದ್ದರು. ಇದನ್ನು ಬರೆಯಲೇಬೇಕು, ಏಕೆಂದರೆ ಈಗ ಕೆಲವರು ಅವರನ್ನು ಮನಸ್ಸಿಲ್ಲದೆ ಹೊಡೆಯುತ್ತಿದ್ದ ಸಾಧುವಿನಂತೆ ಬಣ್ಣಿಸುತ್ತಿದ್ದಾರೆ. ಅವರಿಗೆ ಹೊಡೆಯುವುದು ರುಚಿಸುತ್ತಿತ್ತು. ಹೊಡೆದ ಮೇಲೆ ಅವರ ಮುಖ ಹಗುರಾಗುತ್ತಿತ್ತು. ಅಷ್ಟೇ ಹೆಮ್ಮೆಯಿಂದ ಹೇಳುತ್ತಿದ್ದ ಇನ್ನೊಂದು ಮಾತಿತ್ತು: “ನಾ ಕೂಡಿಸಿದ ಗೀಜರಿನ್ಯಾಗ ಇನ್ನೂ ತನಕಾ ಒಬ್ಬರೂ ಸತ್ತಿಲ್ಲ. ಕೇಳ್ರಿ ಯಾರನ್ನರ.” ಅವರಿಗೆ ಜೀವನದಲ್ಲಿ ಕಳೆದುಕೊಳ್ಳಲು ಇದ್ದದ್ದು ಬಹುಶಃ ಅದೊಂದೇ.

ಅಕ್ಕ ಹೆರಿಗೆಗೆಂದು ಬಮ್ಮಿಗಟ್ಟಿಯ ಗಂಡನ ಮನೆಯಿಂದ ಬಂದದ್ದು ಚಳಿಗಾಲದಲ್ಲಿ. ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ, ರಜೆಗೆ ಮನೆಯಲ್ಲಿದ್ದೆ. ಗಂಡು ಕೂಸು ಹುಟ್ಟಿತ್ತು. ಬಾಣಂತಿಗೆ ನೀರೆರೆಯಲು ಫಕೀರವ್ವ ಬರುತ್ತಿದ್ದಳು. ಅಕ್ಕನಿಗೂ ನನಗೂ ಹುಟ್ಟಿದಾಗ ಕಾಲ ಮೇಲೆ ಹಾಕಿಕೊಂಡು ಎರೆದ ಮುದುಕಿ. ಅವಳ ಪ್ರಕಾರ ಬಾಣಂತಿಯ ನೀರು ಮೈಮೇಲೆ ಬಿದ್ದರೆ ಚುರ್ ಎನ್ನಬೇಕು, ಮತ್ತು ಎರೆಯುವುದು ನಡುವೆ ನಿಲ್ಲಬಾರದು. ಬಕೆಟ್ಟಿನ ನೀರು ಆರುತ್ತದೆ. ಆದ್ದರಿಂದ ಗೀಜರ್ ಉರಿಯುತ್ತಲೇ ಇರಬೇಕಾಯಿತು. ಬಾಣಂತಿಗೆ ಗಾಳಿ ಸೋಕಿದರೆ ಸನ್ನಿ ಬಡಿಯುತ್ತದೆ ಎಂಬುದು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲದ ವಿಷಯ. ಅವ್ವ ಹಳೆಯ ಕೌದಿಯೊಂದನ್ನು ಹರಿದು ಎರಡೂ ಕಿಂಡಿಗಳಿಗೆ ತುರುಕಿದ್ದಳು.

ಆ ದಿನ ಬೆಳಿಗ್ಗೆ ಫಕೀರವ್ವ ಅಕ್ಕನನ್ನು ಕರೆದುಕೊಂಡು ಬಚ್ಚಲಿನ ಬಾಗಿಲು ಹಾಕಿಕೊಂಡಳು. ತಾಯಿಯದಾದ ಮೇಲೆ ಕೂಸಿನ ಸರದಿ. ಕೂಸು ಪಡಸಾಲೆಯಲ್ಲಿ ನನ್ನ ತೊಡೆಯ ಮೇಲಿತ್ತು. ಅಪ್ಪ ಹೊಲಕ್ಕೆ ಹೋಗಿದ್ದರು. ಅಪ್ಪನ ತಮ್ಮ, ಬಸು ಕಾಕಾ, ಹಿತ್ತಲಿನಲ್ಲಿ ಸಲಿಕೆಯಿಂದ ಸಗಣಿ ಬಾಚುತ್ತಿದ್ದರು. ಮಿಸ್ತ್ರಿ ಎದುರು ಮನೆಗೆ ರೆಗ್ಯುಲೇಟರ್ ಬದಲಿಸಲು ಬಂದವರು ಓಣಿಯಿಂದ ನಮ್ಮ ಕಿಂಡಿಯನ್ನು ಕಂಡಿರಬೇಕು. ಕೌದಿಯ ಮೂಲೆ ಹೊರಗೆ ಇಳಿಬಿದ್ದಿತ್ತು.

“ಏ! ಒಳಗ ಯಾರದೀರಿ? ಏ!” ಎಂಬ ಕೂಗು ಗೋಡೆಯಾಚೆ ಕೇಳಿತು. ಮರುಕ್ಷಣ ಅವರು ಚಪ್ಪಲಿ ಮೆಟ್ಟಿಕೊಂಡೇ ಮುಂಬಾಗಿಲಿನಿಂದ ಒಳಗೆ ನುಗ್ಗಿದರು. ಎಡಗೈಯಲ್ಲಿ ಪೈಪು ತಿರುಗಿಸುವ ಉದ್ದನೆಯ ಪಾನಾ ಇತ್ತು.

ಅವ್ವ ಅಡ್ಡ ನಿಂತಳು. “ಬಾಣಂತಿ ಎರಕೊಳ್ಳಾಕತ್ತಾಳ್ರೀ! ಅಲ್ಲಿ ಹೋಗಬ್ಯಾಡ್ರಿ! ಗಂಡಸರು ಹೋಗಬಾರದ್ರೀ!”

ಅವರು ಅವ್ವನನ್ನು ತೋಳು ಹಿಡಿದು ಎಸೆದರು. ಅವಳು ಬೀಸುವ ಕಲ್ಲಿನ ಮೇಲೆ ಬಿದ್ದಳು. ಮೊಣಕೈ ಮುರಿದ ಸದ್ದು ನನಗೆ ಕೇಳಿತು. ಪಾನಾದ ಏಟಿಗೆ ಬಚ್ಚಲಿನ ಚಿಲಕ ಕಿತ್ತುಬಂತು. ಉಗಿ ಹೊರಗೆ ಸುರಿಯಿತು. ಅಕ್ಕ ಕೂತಿದ್ದ ಕಲ್ಲಿನಿಂದ ಪಕ್ಕಕ್ಕೆ ವಾಲಿ, ಕೆನ್ನೆ ಮೋರಿಗೆ ತಾಗಿ ಬಿದ್ದಿದ್ದಳು. ಮಿಸ್ತ್ರಿ ಒಂದು ಕೈಯಲ್ಲಿ ಅವಳ ಕೂದಲನ್ನೂ ಇನ್ನೊಂದರಲ್ಲಿ ರಟ್ಟೆಯನ್ನೂ ಹಿಡಿದು, ಮೈಮೇಲೆ ನೂಲಿಲ್ಲದ ಅಕ್ಕನನ್ನು ಅಡುಗೆಮನೆಯ ಮೂಲಕ ಹಿತ್ತಲಿಗೆ ದರದರ ಎಳೆದರು. ಹೊಸ್ತಿಲಿನ ಕಲ್ಲಿಗೆ ಅವಳ ಬೆನ್ನು ಸುಲಿಯಿತು.

ಬಸು ಕಾಕಾ ಕಂಡದ್ದು ಅದನ್ನು: ಪರಗಂಡಸು, ಬತ್ತಲೆ ಬಾಣಂತಿ, ಕೂದಲು ಹಿಡಿದ ಕೈ.

“ಲೇ ಭಾಡ್ಯಾ!”

ಸಲಿಕೆ ಮಿಸ್ತ್ರಿಯ ಬೆನ್ನಿಗೆ ಬಿತ್ತು. ಅವರು ಬಿಡಲಿಲ್ಲ. ಎರಡನೆಯ ಏಟಿಗೂ ಬಿಡಲಿಲ್ಲ. ಅಕ್ಕನನ್ನು ಬಿಸಿಲಿಗೆ ತಂದು ಮಲಗಿಸಿ, ಅವಳ ಎರಡೂ ಕೆನ್ನೆಗೆ ಪಟಪಟನೆ ಹೊಡೆಯತೊಡಗಿದರು. ಅದನ್ನು ನೋಡಿ ಕಾಕಾ ಇನ್ನೂ ಹುಚ್ಚಾದರು. ಸಲಿಕೆ ತಲೆಗೆ ಬಿತ್ತು. ಮಿಸ್ತ್ರಿ ಕುಸಿದರು. ಅಷ್ಟರಲ್ಲಿ ಅಕ್ಕಪಕ್ಕದ ಗಂಡಸರು ಗೋಡೆ ಹಾರಿ ಬಂದಿದ್ದರು. ಒದೆಯತೊಡಗಿದರು.

“ಇನ್ನೊಬ್ಬಾಕಿ ಅದಾಳ!” ಕೆಳಗಿನಿಂದ ಅವರ ಧ್ವನಿ ಬರುತ್ತಿತ್ತು. “ಒಳಗ ಇನ್ನೊಬ್ಬಾಕಿ ಅದಾಳ್ರಲೇ! ಬಿಡ್ರಲೇ!”

ಯಾರಿಗೂ ಅದು ಮಾತಾಗಿ ಕೇಳಿಸಲಿಲ್ಲ. ಒದೆಯುವವರ ಉಸಿರಿನ ಸದ್ದೇ ದೊಡ್ಡದಾಗಿತ್ತು. ನಾನು ಕೂಸನ್ನು ನೆಲಕ್ಕಿಟ್ಟು ಅಕ್ಕನ ಮೇಲೆ ಸೀರೆ ಹೊದಿಸುತ್ತಿದ್ದೆ. ಅವಳು ವಾಂತಿ ಮಾಡಿಕೊಂಡಳು. ಗೊರಗೊರ ಉಸಿರೆಳೆದಳು. ಕಣ್ಣು ತೆರೆದು ಹೇಳಿದ ಮೊದಲ ಮಾತು, “ಆಯಿ… ಫಕೀರವ್ವಾಯಿ.”

ಆಗ ಕಾಲುಗಳು ನಿಂತವು.

ಫಕೀರವ್ವನನ್ನು ಎತ್ತಿ ತಂದಾಗ ಅವಳ ಮುಖ ಕೆಂಪಗಿತ್ತು, ಈಗಷ್ಟೇ ಹಬ್ಬದೂಟ ಮಾಡಿದವಳ ಹಾಗೆ. ಬದುಕಿದ್ದಾಳೆಂದು ಎಲ್ಲರೂ ತಿಳಿದರು. ಮಿಸ್ತ್ರಿ ತೆವಳಿಕೊಂಡು ಬಂದು ಅವಳ ಎದೆಯನ್ನು ಒತ್ತಿದರು. ಅವರ ಹಣೆಯ ರಕ್ತ ಅವಳ ಬಿಳಿ ಕೂದಲ ಮೇಲೆ ಹನಿಯುತ್ತಿತ್ತು. ಬಹಳ ಹೊತ್ತು ಒತ್ತಿದರು. ಯಾರೋ “ಸಾಕು ಬಿಡ್ರಿ ಮಿಸ್ತ್ರಿ” ಎಂದ ಮೇಲೂ ಒತ್ತಿದರು. ಪಕ್ಕೆಯ ಎಲುಬೊಂದು ಮುರಿದ ಮೇಲೆ ನಿಲ್ಲಿಸಿದರು.

ಆಮೇಲೆ ಗೋಡೆ ಹಿಡಿದು ಎದ್ದುನಿಂತರು. ಕಾಕಾನ ಕೈಯಿಂದ ಸಲಿಕೆ ಜಾರಿ ಬಿದ್ದಿತ್ತು.

“ನಿನ್ನ ಪಾಳಿ ಮುಗೀತೇನಪಾ?” ಮಿಸ್ತ್ರಿ ಮೆಲ್ಲನೆ ಕೇಳಿದರು.

ಕಾಕಾ ಎರಡೂ ಕೈಗಳನ್ನು ಇಳಿಬಿಟ್ಟು ನಿಂತರು. ಮಿಸ್ತ್ರಿಯ ಎಡಗೈ ಬಂತು. ಕಾಕಾನ ದವಡೆ ಮುರಿಯಿತು. ಬಿದ್ದವರನ್ನು ಎತ್ತಿ ನಿಲ್ಲಿಸಿ ಮತ್ತೆ ಹೊಡೆದರು. ಹಿತ್ತಲಿನಲ್ಲಿ ಅಷ್ಟೊಂದು ಗಂಡಸರಿದ್ದರು, ಒಬ್ಬರೂ ತಡೆಯಲಿಲ್ಲ. ಕಾಕಾ ತಾವೂ ತಡೆಯಲಿಲ್ಲ.

ಪೊಲೀಸರು ಬಂದರು. ಗೀಜರ್ ಕೂಡಿಸಿದವನದೇ ತಪ್ಪು ಎಂದು ಅಪ್ಪ ಠಾಣೆಯಲ್ಲಿ ಹೇಳಿದರು. ಮನೆಯ ಹೆಂಗಸಿನ ಹೆಸರು ಇಂಥದರಲ್ಲಿ ಬರಬಾರದೆಂಬುದು ಅವರ ಲೆಕ್ಕ. ಫಕೀರವ್ವನ ಮಗ ಬಾಗಿಲಲ್ಲಿ ನಿಂತು, “ಅಂವನ ಕೈ ಕಡೀತೇನಿ,” ಎಂದು ಕೂಗುತ್ತಿದ್ದ. ಮಿಸ್ತ್ರಿ ಬೆಂಚಿನ ಮೇಲೆ ಕುಳಿತಿದ್ದರು. ಮುಖ ಬಾತು ಕಣ್ಣು ಮುಚ್ಚಿಹೋಗಿದ್ದವು. ತಮ್ಮ ಪರವಾಗಿ ಒಂದು ಮಾತೂ ಆಡಲಿಲ್ಲ. ಆಡುತ್ತಾರೆಂದು ನಾನು ಕಾದಿದ್ದೆ. ಅವರನ್ನು ಹಾಗೆ ಸುಮ್ಮನೆ ನೋಡಿದ್ದು ಅದೊಂದೇ ಸಲ.

ಅವ್ವ ಕೈಗೆ ಪಟ್ಟಿ ಕಟ್ಟಿಸಿಕೊಂಡು ನನ್ನ ಜೊತೆ ಬಂದಿದ್ದಳು. ಅಪ್ಪ ಸನ್ನೆ ಮಾಡಿದರೂ ನೋಡದೆ ಸಾಹೇಬರ ಮೇಜಿನ ಮುಂದೆ ಹೋಗಿ ನಿಂತಳು.

“ಕಿಂಡಿ ಮುಚ್ಚಿದಾಕಿ ನಾನ್ರಿ. ಮುಚ್ಚಬ್ಯಾಡ ಅಂತ ಹೇಳಿದ್ರು ಅವರು. ಬಾಣಂತಿ ಅಂತ ಮುಚ್ಚಿದೆ.”

ಸಾಹೇಬರು ಮಿಸ್ತ್ರಿಯ ಕಡೆ ತಿರುಗಿದರು. “ಕೇಳಿದೇನೋ?”

ಮಿಸ್ತ್ರಿ ಒಡೆದ ತುಟಿಯಿಂದ ಹೇಳಿದರು: “ಮುಚ್ಚಿದಾಕಿ ಆಕಿ ಖರೆ. ಒಳಗ ಹಾಕಿದಾಂವ ನಾನು. ಬಣವಿ ತಗೀರಿ, ಇಲ್ಲಂದ್ರ ಹಾಕೂದಿಲ್ಲ ಅಂತ ಎದ್ದು ಬರಬೇಕಿತ್ತು.”

ಫಕೀರವ್ವನ ಮಗ ಅವ್ವನನ್ನೂ ಮಿಸ್ತ್ರಿಯನ್ನೂ ನೋಡಿ, ಕೂಗುವುದನ್ನು ಬಿಟ್ಟು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತ. ಕೊನೆಗೆ ಅದು ಆಕಸ್ಮಿಕ ಸಾವೆಂದು ದಾಖಲಾಯಿತು.

ಮಿಸ್ತ್ರಿ ನಡೆಯುವಂತಾದ ಮೇಲೆ ಶುರುವಾದದ್ದನ್ನು ನಮ್ಮ ಕಡೆಯವರು ಇನ್ನೂ ಹೇಳಿಕೊಳ್ಳುತ್ತಾರೆ. ತಾವು ಬಚ್ಚಲಿನ ಒಳಗೆ ಕೂಡಿಸಿದ್ದ ಗೀಜರುಗಳನ್ನು ಕೀಳಲು ಅವರು ಹಳ್ಳಿ ಹಳ್ಳಿ ತಿರುಗಿದರು. ಹೊರಗೋಡೆಗೆ ಹಾಕಿಸಿಕೊಳ್ಳುತ್ತೇವೆಂದವರಿಗೆ ಹಾಕಿಕೊಟ್ಟರು. ಒಪ್ಪದವರ ಮನೆಗೆ, ಮನೆಯವರು ಹೊಲಕ್ಕೆ ಹೋದ ಹೊತ್ತು ನೋಡಿ ನುಗ್ಗಿ, ಸುತ್ತಿಗೆಯಿಂದ ಗೀಜರನ್ನು ಒಡೆದು ಬಂದರು. ಒಂದು ಕಡೆ ಜನ ಅವರ ಮೇಲೆ ನಾಯಿ ಬಿಟ್ಟರು. ಒಂದು ಕಡೆ ಕಂಬಕ್ಕೆ ಕಟ್ಟಿ ಹೊಡೆದರು; ಬಿಚ್ಚಿದ ಮೇಲೆ ಮಿಸ್ತ್ರಿ ಆ ಮನೆಯ ಹಿರಿಯನ ಕಾಲು ಮುರಿದರು. ಹುಚ್ಚು ಹಿಡಿದಿದೆ ಎಂದರು ಜನ. ಆದರೂ ಆ ಚಳಿಗಾಲ ಮುಗಿಯುವ ಹೊತ್ತಿಗೆ ಅವರ ಕೈಯ ಗೀಜರ್ ಯಾವ ಬಚ್ಚಲಿನೊಳಗೂ ಉಳಿದಿರಲಿಲ್ಲ.

ನಮ್ಮ ಮನೆಗೂ ಬಂದರು. ಬಾಗಿಲು ತೆರೆದವರು ಬಸು ಕಾಕಾ. ದವಡೆಗೆ ತಂತಿ ಬಿಗಿದಿದ್ದರಿಂದ ಅವರಿಗೆ ಮಾತಾಡಲು ಬರುತ್ತಿರಲಿಲ್ಲ. ಮಿಸ್ತ್ರಿ ಗೀಜರ್ ಬಿಚ್ಚಿದರು. ಕಾಕಾ ಅದನ್ನು ಹೊತ್ತು ತಂದು ಅವರ ಬೈಕಿನ ಹಿಂದೆ ಇಟ್ಟು, ಹಗ್ಗದಿಂದ ಕಟ್ಟಿ, ಗಂಟು ಗಟ್ಟಿಯಾಗಿದೆಯೇ ಎಂದು ಎಳೆದು ನೋಡಿದರು. ಇಬ್ಬರೂ ಪರಸ್ಪರ ಮುಖ ನೋಡಲಿಲ್ಲ.

ಅವರು ತೀರಿಕೊಂಡದ್ದು ಎದೆನೋವಿನಿಂದ, ಅಂಗಡಿಯಲ್ಲಿ ಕೂತಲ್ಲೇ. ಸುದ್ದಿ ತಿಳಿದು ಅಕ್ಕ ಬಮ್ಮಿಗಟ್ಟಿಯಿಂದ ಮಗನನ್ನು ಕರೆದುಕೊಂಡು ಬಂದಳು. ಅವನು ಈಗ ಓಡಾಡುತ್ತಾನೆ. “ನೀನೂ ಬಾ, ಒಬ್ಬಾಕಿಗೆ ಹೋಗಾಕ ಆಗೂದಿಲ್ಲ,” ಎಂದಳು. ಹುಡುಗನನ್ನೂ ಕರೆದುಕೊಂಡು ಇಬ್ಬರೂ ನವಲಗುಂದಕ್ಕೆ ಹೋದೆವು.

ಅಂಗಡಿಯ ಹಿಂದೆಯೇ ಅವರ ಮನೆ. ಅವರ ಹೆಂಡತಿಯನ್ನು ನಾವು ಅಂದೇ ಮೊದಲು ಕಂಡದ್ದು. ತೆಳ್ಳಗಿನ, ಎತ್ತರದ ಹೆಂಗಸು. ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಒಳಗಿನ ಗೋಡೆಗೆ ಮಿಸ್ತ್ರಿಯ ಫೋಟೋ ತೂಗುಹಾಕಿ ಹೂವು ಹಾಕಿದ್ದರು.

“ನಾ ಶಲವಡಿಯಾಕಿ, ಅವ್ವಾರ,” ಎಂದಳು ಅಕ್ಕ. “ಬಚ್ಚಲದಾಗಿಂದ ನನ್ನ ಜೀವಂತ ಹೊರಗ ತಂದವರು ಅವರಽ.”

“ಹೌದು, ಹೇಳ್ತಿದ್ರು. ಕೂದಲಾ ಹಿಡದು ಎಳಕೊಂಡು ಬಂದೆ ಅಂತ.” ಆಕೆ ಅಕ್ಕನ ಜಡೆಯನ್ನು ನೋಡಿದರು. “ನನ್ನೂ ಹಂಗಽ ಎಳೀತಿದ್ರು ತಂಗಿ. ನಮ್ಮ ಬಚ್ಚಲದಾಗ ಗ್ಯಾಸ್ ಇರಲಿಲ್ಲ, ಅಷ್ಟಽ.”

ಫೋಟೋದ ಮುಂದೆ ಬಗ್ಗಲು ಸೆರಗು ಹೊದ್ದ ಅಕ್ಕ ಹಾಗೆಯೇ ನಿಂತುಬಿಟ್ಟಳು. ಅವಳ ಕೈ ಮಗನ ಹೆಗಲ ಮೇಲಿತ್ತು. ಆ ಬೆರಳುಗಳ ಕಡೆಗೆ ಮತ್ತೆ ನೋಡಬಾರದೆಂದು ನಾನು ನೆಲ ನೋಡಿದೆ.

“ನಿಂತ್ಯಾಕ?” ಎಂದರು ಆಕೆ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ಅಷ್ಟು ದೂರದಿಂದ ಬಂದೀ. ಮಾಡು ನಮಸ್ಕಾರ. ನಿನ್ನ ಕೂಸಿಗೂ ಮಾಡಸು. ನೀ ಮಾಡೂದು ಖರೇನಽ ಐತಿ. ನನಗ ಮಾತ್ರ ಮಾಡು ಅಂತ ಯಾರೂ ಹೇಳಬ್ಯಾಡ್ರಿ.”

ಅವರು ನಮಗೆ ಬೆನ್ನು ಮಾಡಿ, ಓಣಿಯ ಕಡೆ ಮುಖ ಮಾಡಿ ಬಾಗಿಲಲ್ಲಿ ನಿಂತರು. ಅಕ್ಕ ಹಣೆ ನೆಲಕ್ಕೆ ಮುಟ್ಟಿಸಿ ನಮಸ್ಕರಿಸಿದಳು. ಮಗನ ತಲೆಯನ್ನೂ ಬಗ್ಗಿಸಿದಳು. ಏಳಲು ಅವಳಿಗೆ ತುಸು ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ಆಕೆ ತಿರುಗಿ ನೋಡಲಿಲ್ಲ.

“ಆತೇನು?” ಎಂದು ಅಲ್ಲಿಂದಲೇ ಕೇಳಿದರು.

“ಆತ್ರಿ,” ಎಂದಳು ಅಕ್ಕ.

“ಹಂಗಾರ ಬರ್ರಿ, ಕುಂದರ್ರಿ. ಚಾ ಇಡ್ತೀನಿ.”